ರಕ್ತ ಹೀರುವ ಕೀಟಗಳ ನೆಲೆಯೂ ರೈತನ ನೀರೂ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಭೂಮಾಲೀಕರಿಗೂ ಗ್ರಾಮದ ಹಿರಿಯರಿಗೂ ಮಾಡಿದ ಉಪನ್ಯಾಸ)



ಚಳಿಜ್ವರವು ಮಲೆನಾಡಿಗೆ ಸೇರಿದ್ದೆಂದೂ, ಬಯಲುಸೀಮೆಯ ಒಣಗಾಳಿಯಲ್ಲಿ ಅದಕ್ಕೆ ಎಡೆಯಿಲ್ಲವೆಂದೂ ಹಿಂದಿನವರು ನಂಬಿದ್ದರು. ಆ ನಂಬಿಕೆಯಲ್ಲಿ ಅರ್ಧ ಸತ್ಯವುಂಟು. ಎರೆಯ ಹೊಲದಲ್ಲಿ ಜೋಳ, ಮಸಾರಿಯಲ್ಲಿ ಶೇಂಗಾ ಮತ್ತು ಸಜ್ಜೆ, ನೀರು ನಿಲ್ಲುವಲ್ಲಿ ಭತ್ತ ಎಂಬುದನ್ನು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಬೀಜಕ್ಕೆ ಹೇಗೆ ಭೂಮಿಯ ಗುಣವೂ ಕಾಲದ ಗುಣವೂ ಒದಗಬೇಕೋ, ರಕ್ತ ಹೀರುವ ಕೀಟಗಳಿಗೂ ಹಾಗೆಯೇ ತಕ್ಕ ನೆಲೆಯೂ ತಕ್ಕ ಹವೆಯೂ ಒದಗಬೇಕು. ನೆಲೆ ದೊರೆಯದ ಕೀಟವು ಗಾಳಿಯೊಡನೆ ಬಂದರೂ ಗಾಡಿಯೊಡನೆ ಬಂದರೂ ಬಾಳಲಾರದು. ನೆಲೆ ಸಿದ್ಧವಾಗಿರುವಲ್ಲಿಗೆ ಅದು ಕರೆಯದೆಯೇ ಬರುತ್ತದೆ.

ಹಿಂದಿನವರ ನಂಬಿಕೆಯ ಉಳಿದ ಅರ್ಧವು ಏಕೆ ತಪ್ಪೆಂದರೆ, ಬಯಲುಸೀಮೆಯು ಎಲ್ಲೆಡೆಯಲ್ಲಿಯೂ ಒಣಗಿ ಉಳಿದಿಲ್ಲ. ಕಾಲುವೆ ಬಂದಿತು; ಗದ್ದೆ ಬಂದಿತು; ನೀರು ಬಾರದ ಊರುಗಳಲ್ಲಿ ಹರವಿ, ಬಾನಿ, ಸಿಮೆಂಟಿನ ತೊಟ್ಟಿಗಳಲ್ಲಿ ನೀರು ಕೂಡಿಡುವ ರೂಢಿಯಿತ್ತು, ಅದೂ ಹೆಚ್ಚಿತು. ಈ ನಾಲ್ಕು ತಾಲ್ಲೂಕುಗಳಲ್ಲಿ ಸೊಳ್ಳೆಯ ನೆಲೆಗಳಲ್ಲಿ ಹೆಚ್ಚಿನವನ್ನು ಪ್ರಕೃತಿಯು ಮಾಡಿದ್ದಲ್ಲ, ಮನುಷ್ಯನು ನೀರನ್ನು ನಡೆಸುವ ರೀತಿಯು ಮಾಡಿದ್ದು. ಆದುದರಿಂದ ಅವುಗಳನ್ನು ತೆಗೆಯುವ ಶಕ್ತಿಯೂ ಮುಖ್ಯವಾಗಿ ಅವನ ಕೈಯಲ್ಲಿಯೇ ಇದೆ. ಈ ಉಪನ್ಯಾಸದಲ್ಲಿ ಹೇಳಬೇಕಾದ ಮುಖ್ಯ ವಿಷಯವು ಇದೊಂದೇ.

ಕೀಟಕ್ಕೆ ಬೇಕಾದ ಮೂರು ವಸ್ತುಗಳು

ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂಬ ಸಂಗತಿಯ ಮೊದಲ ಸಾಕ್ಷ್ಯವು ದೂರದೇಶದಲ್ಲಿ ಸಿಕ್ಕಿದ್ದಲ್ಲ. 1897ನೆಯ ಇಸವಿ ಆಗಸ್ಟ್ 20ರಂದು ಡಾಕ್ಟರ್ ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯನ್ನು ಸೀಳಿ, ಜ್ವರದ ಜೀವಾಣುವು ಅದರೊಳಗೆ ಬೆಳೆಯುತ್ತಿದ್ದುದನ್ನು ಕಂಡರು. ಈ ನಾಲ್ಕು ತಾಲ್ಲೂಕುಗಳೂ ಆಗ ಅದೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಸೊಳ್ಳೆಗೆ ಬೇಕಾದುವು ಮೂರು. ಮೊದಲನೆಯದು ಮೊಟ್ಟೆಯಿಡಲು ನೀರು. ಎರಡನೆಯದು ಬದುಕಲು ತಕ್ಕಷ್ಟು ಶಾಖವೂ ತೇವವೂ ಉಳ್ಳ ಗಾಳಿ. ಮೂರನೆಯದು ಹತ್ತಿರದಲ್ಲಿ ರಕ್ತ. ರಕ್ತವನ್ನು ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಕಟ್ಟಲು ಅದಕ್ಕೆ ರಕ್ತವು ಬೇಕು. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯೊಡೆದು ಮರಿಹುಳುವಾಗಿ, ಕೋಶವಾಗಿ, ರೆಕ್ಕೆ ಬಂದು ಹಾರುವುದಕ್ಕೆ ಏಳೆಂಟು ದಿನಗಳಿಂದ ಹತ್ತು ದಿನಗಳವರೆಗೆ ಹಿಡಿಯುತ್ತದೆ. ಈ ಲೆಕ್ಕವನ್ನು ನೆನಪಿನಲ್ಲಿಡತಕ್ಕದ್ದು. ವಾರಕ್ಕೊಮ್ಮೆ ಪೂರ್ತಿ ಒಣಗುವ ನೀರಿನಿಂದ ಸೊಳ್ಳೆಯು ಏಳಲಾರದು.

ಹವೆಯ ಪ್ರಭಾವವು ಇನ್ನೂ ಸೂಕ್ಷ್ಮವಾದುದು. ಜ್ವರದ ಜೀವಾಣುವು ಸೊಳ್ಳೆಯ ಮೈಯಲ್ಲಿ ಪಕ್ವವಾಗಲು ಹದವಾದ ಶಾಖದಲ್ಲಿ ಹತ್ತು ಹನ್ನೆರಡು ದಿನಗಳು ಬೇಕು. ಶಾಖವು ಸುಮಾರು 16 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಅದು ಬೆಳೆಯುವುದೇ ಇಲ್ಲ. ಗಾಳಿಯು ಬಹಳ ಒಣಗಿದ್ದರೆ ಸೊಳ್ಳೆಯು ಅಷ್ಟು ದಿನ ಬದುಕುವುದಿಲ್ಲ. ಕಚ್ಚಿದರೂ ಜ್ವರವನ್ನು ಒಯ್ದು ಕೊಡುವಷ್ಟು ಆಯುಷ್ಯವು ಅದಕ್ಕಿರುವುದಿಲ್ಲ. ಆದುದರಿಂದ ಚೈತ್ರ ವೈಶಾಖಗಳ ಬಿರುಬಿಸಿಲಿನಲ್ಲಿ ಒಣ ಸೀಮೆಯ ಜ್ವರವು ತಗ್ಗುವುದು. ಮಳೆ ಬಿದ್ದು ಗಾಳಿಯು ತೇವಗೂಡಿದ ಮೇಲೆ ಸೊಳ್ಳೆಯ ಆಯುಷ್ಯವು ಹೆಚ್ಚುವುದು, ಹುಬ್ಬಿ ಉತ್ತರಿ ಮಳೆಗಳ ಹೊತ್ತಿಗೆ ಜ್ವರವೂ ಹೆಚ್ಚುವುದು.

ಒಂದು ಸೀಮೆಯಲ್ಲಿ ಎರಡು ಹವೆಗಳು

ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷದ ಮಳೆಯು ಸಾಧಾರಣವಾಗಿ 25 ಅಂಗುಲಕ್ಕಿಂತ ಕಡಿಮೆ. ಮಳೆಯೊಂದನ್ನೇ ನೋಡಿದರೆ ಇದು ಪೂರ್ತಿ ಒಣ ಸೀಮೆಯೇ ಸರಿ. ಆದರೆ ತೆಂಕಣ ಅಂಚಿನಲ್ಲಿ ತುಂಗಭದ್ರೆಯು ಹರಿಯುತ್ತಾಳೆ. ಆನೆಗೊಂದಿ ಗಂಗಾವತಿಗಳ ಹೊಳೆದಂಡೆಯಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ಗದ್ದೆಗಳು ಶತಮಾನಗಳಿಂದ ನೀರುಣ್ಣುತ್ತ ಬಂದಿವೆ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸವು ಆರಂಭವಾಯಿತು. 1953ರಲ್ಲಿ ಜಲಾಶಯದಿಂದ ಕಾಲುವೆಗಳಿಗೆ ನೀರು ಬಿಡಲಾಯಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆಯ ಕಾಲುವೆಯು ಗಂಗಾವತಿಯನ್ನು ಹಾದು ಸಿಂಧನೂರು, ಮಾನ್ವಿ, ರಾಯಚೂರು ಕಡೆಗೆ ಸಾಗುತ್ತದೆ.

ಇದರಿಂದ ಒಂದೇ ಮಳೆಯ ಕೆಳಗೆ ಎರಡು ಹವೆಗಳು ಉಂಟಾದುವು. ಗಂಗಾವತಿಯ ಗದ್ದೆಬಯಲಿನಲ್ಲಿ ವರ್ಷದಲ್ಲಿ ಹಲವು ತಿಂಗಳು ನೆಲವು ಹಸಿಯಾಗಿಯೂ ಗಾಳಿಯು ತೇವವಾಗಿಯೂ ಇರುತ್ತದೆ. ಎರಡನೆಯ ಬೆಳೆಗೆ ನೀರು ಸಿಕ್ಕಿದ ವರ್ಷ ಬೇಸಿಗೆಯಲ್ಲಿಯೂ ಸೊಳ್ಳೆಗೆ ತಂಪು ಸಿಗುತ್ತದೆ. ಅಲ್ಲಿಂದ ಬಡಗಣಕ್ಕೆ ನಡೆದರೆ ಕುಷ್ಟಗಿಯ ಮಸಾರಿ, ಪಡುವಣಕ್ಕೆ ಯಲಬುರ್ಗಾದ ಎರೆ. ಅಲ್ಲಿ ನೀರು ಹೊಲದಲ್ಲಿ ನಿಲ್ಲುವುದಿಲ್ಲ, ಮನೆಯ ಪಾತ್ರೆಗಳಲ್ಲಿ ನಿಲ್ಲುತ್ತದೆ. ಕೊಪ್ಪಳ ತಾಲ್ಲೂಕಿನಲ್ಲಿ ಎರಡೂ ಉಂಟು. ಮೇಲಾಗಿ ಜಲಾಶಯದ ನೀರು ಇಳಿಯುತ್ತ ಹೋದಂತೆ ದಂಡೆಯಲ್ಲಿ ದನದ ಗೊರಸಿನ ಗುಂಡಿಗಳೂ ಸಣ್ಣ ಮಡುಗಳೂ ಉಳಿದು ಮೂರನೆಯ ಬಗೆಯ ನೆಲೆಯಾಗುತ್ತವೆ. ಹೀಗೆ ನಾಲ್ಕು ತಾಲ್ಲೂಕುಗಳಿಗೂ ಒಂದೇ ಉಪಾಯವು ಸಲ್ಲುವುದಿಲ್ಲ.

ಕಾಲುವೆಯ ಸೀಮೆ: ನಾಟಿಯ ಕಾಲದ ಸೊಳ್ಳೆ

ಮಲೇರಿಯಾ ತರುವ ಸೊಳ್ಳೆಗಳ ಕುಲಕ್ಕೆ ಅನಾಫಿಲಿಸ್ ಎಂದು ಹೆಸರು. ಇದರ ಮರಿಹುಳುವು ನೀರಿನ ಮೇಲ್ಮೈಗೆ ಸಮನಾಗಿ, ಕಡ್ಡಿಯು ತೇಲಿದಂತೆ ಮಲಗಿರುತ್ತದೆ. ಬೇರೆ ಸೊಳ್ಳೆಗಳ ಮರಿಗಳು ತಲೆ ಕೆಳಗಾಗಿ ಓರೆಯಾಗಿ ಜೋತಾಡುತ್ತವೆ. ಬಿಳಿಯ ಬಟ್ಟಲಿನಲ್ಲಿ ನೀರನ್ನು ತೋಡಿ ನೋಡಿದರೆ ಈ ಭೇದವನ್ನು ಯಾರಾದರೂ ಗುರುತಿಸಬಹುದು.

ಅನಾಫಿಲಿಸ್ ಕುಲದಲ್ಲಿಯೂ ಒಂದೊಂದಕ್ಕೆ ಒಂದೊಂದು ನೆಲೆ. ಫ್ಲುವಿಯಾಟಿಲಿಸ್ ಎಂಬುದು ಮಲೆನಾಡಿನ ತಪ್ಪಲುಗಳಲ್ಲಿ ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳನ್ನು ಹುಡುಕುತ್ತದೆ. ಸ್ಟಿಫೆನ್ಸಿ ಎಂಬುದು ಬಾವಿ, ತೊಟ್ಟಿ, ಮಾಳಿಗೆಯ ಮೇಲಿನ ನೀರಿನ ಟಾಕಿಗಳನ್ನು ಬಯಸುತ್ತದೆ. ಅದು ಪಟ್ಟಣದ ಸೊಳ್ಳೆ. ಕ್ಯುಲಿಸಿಫೇಸಿಸ್ ಎಂಬುದು ಬಯಲುಸೀಮೆಯ ಹಳ್ಳಿಗಳ ಸೊಳ್ಳೆ. ಹೊಸದಾಗಿ ನೀರು ನಿಲ್ಲಿಸಿದ ಗದ್ದೆ, ಕಾಲುವೆಯ ಅಂಚಿನ ಹುಲ್ಲು, ಬಸಿನೀರಿನ ತಗ್ಗು, ಮಣ್ಣು ತೆಗೆದ ಗುಂಡಿ, ಹಳ್ಳವು ಬತ್ತಿದ ಮೇಲೆ ಮರಳಿನಲ್ಲಿ ಉಳಿದ ಮಡು, ಇವೆಲ್ಲವೂ ಅದಕ್ಕೆ ಪ್ರಿಯವಾದ ಸ್ಥಳಗಳು. ಅದು ರಾತ್ರಿಯಲ್ಲಿ ಕಚ್ಚುತ್ತದೆ. ಹಗಲು ಕೊಟ್ಟಿಗೆಯ ಕತ್ತಲೆಯಲ್ಲಿ ಅಥವಾ ಮನೆಯ ಗೋಡೆಯ ಮೇಲೆ ಕುಳಿತಿರುತ್ತದೆ. ಅದಕ್ಕೆ ಮನುಷ್ಯನ ರಕ್ತಕ್ಕಿಂತ ದನದ ರಕ್ತವೇ ಹೆಚ್ಚು ಇಷ್ಟ. ಆದರೆ ದನ ಕಟ್ಟುವ ಜಾಗದ ಪಕ್ಕದಲ್ಲಿಯೇ ಮನೆಯವರು ಮಲಗಿದರೆ, ದನಕ್ಕೆಂದು ಬಂದುದು ಮನುಷ್ಯನನ್ನೂ ಬಿಡುವುದಿಲ್ಲ.

ಈ ಸೊಳ್ಳೆಯ ವಿಚಾರದಲ್ಲಿ ಭತ್ತದ ರೈತನು ತಿಳಿಯತಕ್ಕ ವಿಶೇಷವೊಂದುಂಟು. ನಾಟಿಯಾದ ಗದ್ದೆಯಲ್ಲಿ ಸಸಿಗಳು ಚಿಕ್ಕವಾಗಿ ನೀರು ಬಿಸಿಲಿಗೆ ತೆರೆದಿರುವಷ್ಟು ದಿನ ಮಾತ್ರ ಅದು ಅಲ್ಲಿ ಮೊಟ್ಟೆಯಿಡುತ್ತದೆ. ಪೈರು ಸುಮಾರು ಒಂದು ಅಡಿ ಎತ್ತರವಾಗಿ ಒತ್ತಾದ ಮೇಲೆ ಅದು ಗದ್ದೆಯನ್ನು ಬಿಟ್ಟುಬಿಡುತ್ತದೆ. ಮೊಟ್ಟೆಯಿಡುವಾಗ ಅದು ನೀರಿನ ಮೇಲೆ ಸುಳಿದಾಡುತ್ತದೆ. ಎದ್ದುನಿಂತ ಪೈರು ಆ ಸುಳಿದಾಟಕ್ಕೆ ಅಡ್ಡಿಯಾಗುತ್ತದೆ. ಮದರಾಸು ಪ್ರಾಂತದ ಪಟ್ಟುಕೋಟೆಯಲ್ಲಿ ಡಾಕ್ಟರ್ ರಸೆಲ್ ಮತ್ತು ಅವರ ಸಂಗಡಿಗರು ನೀರಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ ಪರೀಕ್ಷಿಸಿ 1940ರ ದಶಕದ ಆರಂಭದಲ್ಲಿಯೇ ಇದನ್ನು ತೋರಿಸಿದರು. ಆದಕಾರಣ ಗದ್ದೆಯಿಂದ ಬರುವ ಮಲೇರಿಯಾದ ಭಯವು ಬೆಳೆಯ ಅವಧಿಯೆಲ್ಲ ಒಂದೇ ಸಮನಾಗಿರುವುದಿಲ್ಲ, ನಾಟಿಯ ಮೊದಲ ಕೆಲವು ವಾರಗಳಲ್ಲಿ ಹೆಚ್ಚು. ಆಳುಗಳು ಹೆಚ್ಚಾಗಿ ಬೇಕಾಗುವುದೂ ಆಗಲೇ. ಹೊರಗಿನಿಂದ ಬಂದ ನಾಟಿಯ ಆಳುಗಳು ಗುಡಿಸಲುಗಳಲ್ಲಿ ಪರದೆಯಿಲ್ಲದೆ ಮಲಗುವುದೂ ಆಗಲೇ. ಅವರಲ್ಲಿ ಒಬ್ಬನ ರಕ್ತದಲ್ಲಿ ಜೀವಾಣುವಿದ್ದರೆ ಸಾಕು, ಸೊಳ್ಳೆಯ ಮೂಲಕ ಅದು ಊರಿನವರ ಮನೆಯನ್ನೂ ಹೊಕ್ಕೀತು.

ಪೈರು ಎದ್ದ ಮೇಲೆ: ಮಿದುಳು ಜ್ವರದ ಸೊಳ್ಳೆ

ಮೊದಲನೆಯ ಸೊಳ್ಳೆಯು ಬಿಟ್ಟ ಗದ್ದೆಯನ್ನು ಕ್ಯುಲೆಕ್ಸ್ ಕುಲದ ಬೇರೊಂದು ಗುಂಪು ಹಿಡಿಯುತ್ತದೆ. ಜಪಾನೀ ಮಿದುಳು ಜ್ವರವನ್ನು ಹರಡುವುದು ಈ ಗುಂಪು. ಭಾರತದಲ್ಲಿ ಈ ರೋಗವು ಮೊದಲು ಗೊತ್ತಾದದ್ದು 1955ರಲ್ಲಿ, ವೆಲ್ಲೂರಿನ ಕಡೆಯಲ್ಲಿ. ಅನಂತರ ಕರ್ನಾಟಕದ ಕೋಲಾರ, ಮಂಡ್ಯ, ಬಳ್ಳಾರಿ, ರಾಯಚೂರು, ಕೊಪ್ಪಳ ಮುಂತಾದ ಜಿಲ್ಲೆಗಳಲ್ಲಿಯೂ ಕಾಣಿಸಿಕೊಂಡಿತು. ಈ ರೋಗದ ವಿಷಾಣುವು ಬೆಳ್ಳಕ್ಕಿ ಮೊದಲಾದ ಕೊಕ್ಕರೆಯ ಜಾತಿಯ ಹಕ್ಕಿಗಳಲ್ಲಿಯೂ ಹಂದಿಗಳಲ್ಲಿಯೂ ವೃದ್ಧಿಯಾಗುತ್ತದೆ. ದನಗಳಲ್ಲಿ ಅದು ವೃದ್ಧಿಯಾಗುವುದಿಲ್ಲ; ಮನುಷ್ಯನಿಂದ ಮನುಷ್ಯನಿಗೂ ಹರಡುವುದಿಲ್ಲ. ಗದ್ದೆ, ಬೆಳ್ಳಕ್ಕಿ, ಹಂದಿ, ಸೊಳ್ಳೆ ಈ ನಾಲ್ಕೂ ಒಂದೆಡೆ ಸೇರುವುದು ನೀರಾವರಿಯ ಬಯಲಿನಲ್ಲಿ. ರೋಗದ ನೆಲೆಯೂ ಹೆಚ್ಚಾಗಿ ಅದೇ.

ಇಲ್ಲಿ ಗೊಬ್ಬರದ ಮಾತನ್ನು ಹೇಳದೆ ತೀರದು. ನಿಂತ ನೀರಿನಲ್ಲಿ ಯೂರಿಯಾ ಚೆಲ್ಲಿದರೆ ನೀರಿನಲ್ಲಿ ಪಾಚಿಯೂ ಸೂಕ್ಷ್ಮ ಜೀವಿಗಳೂ ಹೆಚ್ಚಿ, ಅವನ್ನು ತಿನ್ನುವ ಮರಿಹುಳುಗಳೂ ಹೆಚ್ಚುತ್ತವೆಂದು ತಮಿಳುನಾಡಿನ ಗದ್ದೆಗಳಲ್ಲಿ ನಡೆದ ಪರೀಕ್ಷೆಗಳು ತೋರಿಸಿವೆ. ಬೇವಿನ ಹಿಂಡಿಯನ್ನು ಸವರಿದ ಯೂರಿಯಾ ಹಾಕಿದಲ್ಲಿ ಮರಿಹುಳುಗಳು ಕಡಿಮೆಯಾದುದೂ ಕಂಡುಬಂದಿದೆ. ನೀರನ್ನು ಬಸಿದು, ಗೊಬ್ಬರವನ್ನು ಕಂತುಕಂತಾಗಿ ಕೊಟ್ಟರೆ ಪೈರಿಗೂ ಹೆಚ್ಚು ದಕ್ಕುತ್ತದೆ, ರೈತನ ಹಣವೂ ಉಳಿಯುತ್ತದೆ.

ಈ ರೋಗಕ್ಕೆ ಲಸಿಕೆಯುಂಟು. 2006ರಿಂದ ದೇಶದ ಬಾಧಿತ ಜಿಲ್ಲೆಗಳಲ್ಲಿ ಹಂತಹಂತವಾಗಿ ಮಕ್ಕಳಿಗೆ ಅದನ್ನು ಹಾಕಲಾಯಿತು. ಒಂಬತ್ತು ತಿಂಗಳು ತುಂಬಿದ ಮೇಲೆ ವರ್ಷದೊಳಗೆ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ ಹಾಕಿಸುವುದು ಕ್ರಮ. ಊರಿನ ಹಿರಿಯರು ಯಾವ ಮಗುವೂ ತಪ್ಪದಂತೆ ನೋಡತಕ್ಕದ್ದು. ಜ್ವರದೊಡನೆ ಮೈ ಸೆಟೆದು ಪ್ರಜ್ಞೆ ತಪ್ಪಿದ ಮಗುವನ್ನು ದೆವ್ವದ ಕಾಟವೆಂದು ಕೂಡಿಸಿಕೊಳ್ಳಕೂಡದು. ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯತಕ್ಕದ್ದು.

ಒಣ ಸೀಮೆ: ಹರವಿಯೊಳಗಿನ ಸೊಳ್ಳೆ

ಕುಷ್ಟಗಿ ಯಲಬುರ್ಗಾಗಳ ರೈತನು, ‘ನಮ್ಮಲ್ಲಿ ಕುಡಿಯಲಿಕ್ಕೇ ನೀರಿಲ್ಲ, ಸೊಳ್ಳೆ ಎಲ್ಲಿಂದ ಬಂದೀತು?’ ಎಂದು ಕೇಳಬಹುದು. ಉತ್ತರವು ಆ ಪ್ರಶ್ನೆಯಲ್ಲಿಯೇ ಇದೆ. ನೀರು ವಿರಳವಾದ ಊರಿನಲ್ಲಿ ನೀರನ್ನು ಕೂಡಿಡದೆ ಗತ್ಯಂತರವಿಲ್ಲ. ಕೂಡಿಟ್ಟ ನೀರೇ ಈಡಿಸ್ ಎಂಬ ಸೊಳ್ಳೆಯ ತೊಟ್ಟಿಲು. ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳಿರುವ ಈ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ. ಡೆಂಗ್ಯೂ ಮತ್ತು ಚಿಕುನ್‌ಗುನ್ಯ ಜ್ವರಗಳನ್ನು ಹರಡುವುದು ಇದೇ. ಇದು ದೂರ ಹಾರುವುದಿಲ್ಲ. ಹುಟ್ಟಿದ ಮನೆಯ ಸುತ್ತ ನೂರಿನ್ನೂರು ಗಜದೊಳಗೆ ಹೆಚ್ಚಾಗಿ ಬಾಳು ಕಳೆಯುತ್ತದೆ. ಆದುದರಿಂದ ಒಂದು ಮನೆಯವರನ್ನು ಕಚ್ಚುವ ಸೊಳ್ಳೆಯು ಆ ಮನೆಯಲ್ಲಿ ಇಲ್ಲವೆ ನೆರೆಮನೆಯಲ್ಲಿ ಹುಟ್ಟಿದ್ದೆಂದು ತಿಳಿಯಬಹುದು.

ಒಣ ಹವೆಯನ್ನು ಸಹಿಸಲು ಇದಕ್ಕೆ ಒಂದು ಉಪಾಯವಿದೆ. ಅದು ಮೊಟ್ಟೆಗಳನ್ನು ನೀರಿನ ಮೇಲೆ ಇಡುವುದಿಲ್ಲ, ಪಾತ್ರೆಯ ಒಳಗೋಡೆಗೆ ನೀರಿನ ಗೆರೆಯ ಮೇಲ್ಗಡೆ ಅಂಟಿಸುತ್ತದೆ. ಪಾತ್ರೆಯು ಬರಿದಾಗಿ ತಿಂಗಳುಗಟ್ಟಲೆ ಒಣಗಿದ್ದರೂ ಆ ಮೊಟ್ಟೆಗಳು ಸಾಯುವುದಿಲ್ಲ. ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಆದಕಾರಣ ನೀರನ್ನು ಚೆಲ್ಲಿದರೆ ಸಾಲದು, ಹರವಿಯ ಒಳಮೈಯನ್ನು ತೆಂಗಿನ ಜುಂಗಿನಿಂದ ತಿಕ್ಕಿ ತೊಳೆದು, ಬಿಸಿಲಿಗೆ ಬೋರಲು ಹಾಕತಕ್ಕದ್ದು.

2005ರ ಕೊನೆಯಿಂದ 2006ರವರೆಗೆ ಕರ್ನಾಟಕದಲ್ಲಿ ಹಬ್ಬಿದ ಚಿಕುನ್‌ಗುನ್ಯವನ್ನು ಈ ಸೀಮೆಯ ಹಿರಿಯರು ಮರೆತಿರಲಾರರು. 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರಿಗೆ ಆ ಜ್ವರವೆಂದು ಶಂಕಿಸಲಾಯಿತು. ಉತ್ತರದ ಬಯಲು ಜಿಲ್ಲೆಗಳಿಗೆ ಅದರ ಪೆಟ್ಟು ಬಹಳವಾಗಿ ತಗಲಿತು. ಜ್ವರವು ಇಳಿದ ಮೇಲೆಯೂ ಕೀಲುನೋವಿನಿಂದ ಕುಂಟೆ ಹಿಡಿಯಲಾರದೆ, ಕುಡುಗೋಲು ಎತ್ತಲಾರದೆ ಜನರು ತಿಂಗಳುಗಟ್ಟಲೆ ಕುಳಿತರು. ಕಾಲುವೆಯಿಲ್ಲದ, ಗದ್ದೆಯಿಲ್ಲದ, ಮಳೆ ಕಡಿಮೆಯಾದ ಸೀಮೆಯಲ್ಲಿ ಇಷ್ಟು ದೊಡ್ಡ ಸೊಳ್ಳೆಯ ರೋಗವು ಹಬ್ಬಿದ್ದರ ಗುಟ್ಟು ಹರವಿಯಲ್ಲಿಯೂ ತೊಟ್ಟಿಯಲ್ಲಿಯೂ ಇದ್ದಿತು.

2014ರ ಕೃಷಿಭಾಗ್ಯ ಯೋಜನೆಯಿಂದ ಒಣ ಹೊಲಗಳಲ್ಲಿ ಕೃಷಿಹೊಂಡಗಳೂ ಆದುವು. ಅವು ರೈತನಿಗೆ ಬಹಳ ಉಪಕಾರಿ. ಆದರೆ ಮನೆಗೆ ಹತ್ತಿರವಾದ ಹೊಂಡದಲ್ಲಿ ಮರಿಹುಳು ತಿನ್ನುವ ಮೀನುಗಳನ್ನು ಬಿಡುವುದು ಲೇಸು. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಣ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬಾವಿಗಳಿಗೂ ಕುಂಟೆಗಳಿಗೂ ಗಪ್ಪಿ ಮೊದಲಾದ ಮೀನುಗಳನ್ನು ಬಿಟ್ಟು ಮಲೇರಿಯಾವನ್ನು ಬಹುಮಟ್ಟಿಗೆ ತಗ್ಗಿಸಿದರು. ಈ ಮೀನುಗಳನ್ನು ಹೊಂಡ, ಬಾವಿ, ತೊಟ್ಟಿಗಳಿಗೆ ಮಾತ್ರ ಬಿಡತಕ್ಕದ್ದು; ಹೊಳೆಗೂ ಹಳ್ಳಕ್ಕೂ ಬಿಡಕೂಡದು, ಬಿಟ್ಟರೆ ಅಲ್ಲಿಯ ಮೀನುಗಳಿಗೆ ಕೇಡಾದೀತು.

ನೀರಿನ ಹೊರಗೆ ಬೆಳೆಯುವ ಕೀಟಗಳು

ರಕ್ತ ಹೀರುವ ಕೀಟಗಳೆಲ್ಲವೂ ನೀರಿನಲ್ಲಿಯೇ ಹುಟ್ಟುವುವಲ್ಲ. ಮರಳುನೊಣವೆಂಬ ಸಣ್ಣ ಕೀಟವು ಮಣ್ಣಿನ ಗೋಡೆಯ ಬಿರುಕುಗಳಲ್ಲಿಯೂ ಕೊಟ್ಟಿಗೆಯ ತೇವದ ಮಣ್ಣಿನಲ್ಲಿಯೂ ಬೆಳೆಯುತ್ತದೆ. ಗೋಡೆಯ ಬಿರುಕನ್ನು ಮುಚ್ಚಿ ಸಾರಿಸಿದರೆ ಅದರ ನೆಲೆಯು ತಪ್ಪುತ್ತದೆ.

ಕಣ್ಣಿಗೆ ಕಾಣುವುದೇ ಕಷ್ಟವಾದ ನುಸಿಯ ಜಾತಿಯೊಂದು ಸಗಣಿ ಬೆರೆತ ಕೆಸರಿನಲ್ಲಿ ಹುಟ್ಟಿ ಕುರಿಗಳಿಗೆ ನೀಲಿ ನಾಲಿಗೆ ರೋಗವನ್ನು ಹರಡುತ್ತದೆ. ಭಾರತದಲ್ಲಿ ಈ ರೋಗವು 1964ರಲ್ಲಿ ಮಹಾರಾಷ್ಟ್ರದಲ್ಲಿ ಮೊದಲು ಗುರುತಿಗೆ ಬಂದಿತು. ದಖ್ಖನಿನ ಕುರಿಗಳಿಗೆ ಇದರ ಬಾಧೆಯು ಹೆಚ್ಚು. ಜ್ವರ ಬಂದು, ತುಟಿ ಮೋರೆಗಳು ಊದಿ, ಬಾಯಲ್ಲಿ ಹುಣ್ಣಾಗಿ, ಕುರಿಗಳು ಕುಂಟುತ್ತವೆ. ಮಳೆಗಾಲದ ಕೊನೆಗೆ, ನೆಲವು ಹಸಿಯಾಗಿ ಹವೆಯು ಬೆಚ್ಚಗಿರುವಾಗ, ನುಸಿಯೂ ರೋಗವೂ ಏಳುತ್ತವೆ. ಆ ದಿನಗಳಲ್ಲಿ ಕುರಿಯ ಹಟ್ಟಿಯನ್ನು ಕೆರೆಯಂಗಳದಲ್ಲಿಯೂ ಗದ್ದೆಯ ಬದಿಯಲ್ಲಿಯೂ ಹಾಕದೆ, ಗಾಳಿಯಾಡುವ ಎತ್ತರದ ಮಸಾರಿಯಲ್ಲಿ ಹಾಕತಕ್ಕದ್ದು. ಮಳೆಗಾಲಕ್ಕೆ ಮೊದಲೇ ಪಶುವೈದ್ಯರನ್ನು ಕಂಡು ಲಸಿಕೆಯ ವಿಚಾರವನ್ನು ಕೇಳತಕ್ಕದ್ದು.

ಹವೆಯ ಪ್ರಭಾವಕ್ಕೆ ಪ್ಲೇಗಿನ ಇತಿಹಾಸವೂ ಸಾಕ್ಷಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ದಖ್ಖನಿನಲ್ಲೆಲ್ಲ ಹಬ್ಬಿ ಊರೂರುಗಳನ್ನು ಬರಿದು ಮಾಡಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಇಲಿಯ ಚಿಗಟದಿಂದ ಹರಡುತ್ತಿದ್ದ ಆ ರೋಗವು ಬಿರುಬೇಸಿಗೆಯಲ್ಲಿ ತಾನಾಗಿಯೇ ತಗ್ಗುತ್ತಿದ್ದಿತು. ಒಣ ಬಿಸಿಗಾಳಿಯಲ್ಲಿ ಚಿಗಟವು ಹೆಚ್ಚು ದಿನ ಬದುಕದಿರುವುದು ಇದಕ್ಕೆ ಒಂದು ಮುಖ್ಯ ಕಾರಣ.

ಉಣ್ಣೆಗೆ ಎಂಟು ಕಾಲುಗಳಿರುವುದರಿಂದ ಅದು ಕೀಟವಲ್ಲ. ಆದರೂ ನೆಲೆಯ ಪಾಠವನ್ನು ಅದೂ ಹೇಳುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯು ಮಲೆನಾಡಿನ ಕಾಡಿನ ಉಣ್ಣೆಯಿಂದ ಹರಡುವಂಥದು. ಆನೆಗೊಂದಿಯ ಬೆಟ್ಟಗಳಲ್ಲಿಯೂ ಮಂಗಗಳಿಗೆ ಕೊರತೆಯಿಲ್ಲ. ಆದರೆ ಮಲೆನಾಡಿನ ಕಾಡೂ ತರಗೆಲೆಯ ತೇವವೂ ಇಲ್ಲಿಲ್ಲ, ಆ ರೋಗವು ಇಲ್ಲಿ ನೆಲೆಯೂರಿಲ್ಲ.

ಔಷಧವೊಂದನ್ನೇ ನಂಬಿದರೆ ಸಾಲದು

1945–46ರಲ್ಲಿ ಯಲಬುರ್ಗಾಕ್ಕೆ ಹೊಂದಿಕೊಂಡಿದ್ದ ಆಗಿನ ಧಾರವಾಡ ಜಿಲ್ಲೆಯಲ್ಲಿಯೂ ಕಾರವಾರದ ಸೀಮೆಯಲ್ಲಿಯೂ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರು ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾವನ್ನು ಇಳಿಸಿ ತೋರಿಸಿದರು. ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರು ಈ ಜ್ವರದಿಂದ ನರಳುತ್ತಿದ್ದರೆಂದೂ 8 ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದುವು. 1961ರಲ್ಲಿ ರೋಗಿಗಳ ಸಂಖ್ಯೆಯು ಸುಮಾರು 50 ಸಾವಿರಕ್ಕೆ ಇಳಿಯಿತು. ರೋಗವು ಹೋಯಿತೆಂದು ಜನರು ತಿಳಿದರು. ಆದರೆ 1976ರಲ್ಲಿ ಅದೇ ಸಂಖ್ಯೆಯು 64 ಲಕ್ಷಕ್ಕೆ ಏರಿತು.

ಹೀಗೇಕಾಯಿತೆಂಬುದಕ್ಕೆ ಕಾರಣಗಳು ಹಲವು. ಸೊಳ್ಳೆಯು ಔಷಧವನ್ನು ಸಹಿಸಲು ಕಲಿತುದು ಒಂದು. ಎಚ್ಚರವು ತಪ್ಪಿದುದು ಮತ್ತೊಂದು. ಅವೆಲ್ಲಕ್ಕೂ ಹಿಂದೆ ಇದ್ದುದು ನೆಲೆ. ಔಷಧವು ಸೊಳ್ಳೆಯನ್ನು ಕೊಂದಿತ್ತು; ಸೊಳ್ಳೆಯು ಹುಟ್ಟುವ ನೀರು ಹಾಗೆಯೇ ನಿಂತಿದ್ದಿತು. ಈಚಿನ ವರ್ಷಗಳಲ್ಲಿ ಮಲೇರಿಯಾವು ಮತ್ತೆ ಬಹಳ ಇಳಿದಿದೆ. 1961ರ ನೆಮ್ಮದಿಯು ಕಲಿಸಿದ ಪಾಠವನ್ನು ಈಗ ಮರೆಯಕೂಡದು.

ಸರದಿಯ ನೀರು ಮತ್ತು ಊರಿನ ಒಗ್ಗಟ್ಟು

ಗದ್ದೆಯ ಸೊಳ್ಳೆಗೆ ಪರೀಕ್ಷಿಸಿ ಕಂಡ ಉಪಾಯವೆಂದರೆ ನೀರನ್ನು ಬಿಟ್ಟುಬಿಟ್ಟು ಕೊಡುವುದು. ನಾಟಿಯಾಗಿ ಸಸಿಯು ಬೇರು ಹಿಡಿಯುವವರೆಗೆ ತೆಳುವಾಗಿ ನೀರಿರಲಿ. ಬಳಿಕ ವಾರಕ್ಕೊಮ್ಮೆ ಮಡಿಯ ಮೇಲಿನ ನೀರು ಪೂರ್ತಿ ಇಂಗಿ ಕೆಸರು ಬಿಗಿಯುವಂತೆ ಮಾಡಿ, ಮತ್ತೆ ನೀರು ಕಟ್ಟತಕ್ಕದ್ದು. ಎರೆಯ ನೆಲದಲ್ಲಿ ದೊಡ್ಡ ಬಿರುಕು ಬಿಡುವವರೆಗೆ ಕಾಯಕೂಡದು. ಬಿರುಕಿನಲ್ಲಿ ಮುಂದಿನ ನೀರು ಸೋರಿಹೋಗುತ್ತದೆ. ತೆನೆ ಹೊರಟು ಹೂವಾಡುವ ದಿನಗಳಲ್ಲಿ ಗದ್ದೆಯನ್ನು ಒಣಗಿಸಕೂಡದು. ಮಡಿಯು ಸಮತಟ್ಟಾಗಿರುವುದು ಮುಖ್ಯ. ತಗ್ಗುಗಳಲ್ಲಿಯೂ ಹೆಜ್ಜೆಗುಂಡಿಗಳಲ್ಲಿಯೂ ನೀರು ಉಳಿದರೆ ಮರಿಹುಳುಗಳೂ ಉಳಿಯುತ್ತವೆ. ಈ ಕ್ರಮದಿಂದ ಇಳುವರಿಗೆ ನಷ್ಟವಿಲ್ಲದೆ ನೀರು ಉಳಿಯುವುದೆಂದು ಅನೇಕ ಭತ್ತದ ಸೀಮೆಗಳಲ್ಲಿ ಕಂಡಿದ್ದಾರೆ.

ಆದರೆ ಒಬ್ಬ ರೈತನು ಒಣಗಿಸಿ, ಪಕ್ಕದವನು ನೀರು ನಿಲ್ಲಿಸಿದರೆ ಪ್ರಯೋಜನವಿಲ್ಲ. ಸೊಳ್ಳೆಯು ಬದುವನ್ನು ನೋಡಿ ಹಾರುವುದಿಲ್ಲ. ಒಂದು ತೂಬಿನ ಕೆಳಗಿನ ಗದ್ದೆಗಳೆಲ್ಲವೂ ಒಂದೇ ಸರದಿಯಲ್ಲಿ ಒಣಗಬೇಕು. ಇದು ಒಬ್ಬೊಬ್ಬರ ಕೆಲಸವಲ್ಲ, ಊರಿನ ಹಿರಿಯರು ಕೂಡಿಸಿ ಮಾಡಿಸತಕ್ಕ ಕೆಲಸ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇದರಲ್ಲಿ ಇನ್ನೊಂದು ನ್ಯಾಯದ ಮಾತೂ ಅಡಗಿದೆ. ಎಡದಂಡೆಯ ಕಾಲುವೆಯನ್ನು ಯೋಜಿಸಿದವರು ಅದರ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂಥ ಹಗುರ ನೀರಿನ ಬೆಳೆಗಳಿಗೆಂದು ಗೊತ್ತುಮಾಡಿದ್ದರು. ಮೇಲ್ಭಾಗದಲ್ಲಿ ಭತ್ತವು ಆ ಲೆಕ್ಕವನ್ನು ಮೀರಿ ಹಬ್ಬಿತು. ಅದರ ಫಲವಾಗಿ ಕೆಳಭಾಗದ ರೈತನ ಹೊಲಕ್ಕೆ ನೀರು ಮುಟ್ಟದು. ಮೇಲ್ಭಾಗದ ರೈತನ ತಗ್ಗಿನ ಹೊಲವು ಜೌಗಾಗಿ ಸವಳೇಳುತ್ತದೆ. ಆ ಜೌಗಿನ ಬಸಿನೀರಿನಲ್ಲಿಯೇ ಮಲೇರಿಯಾದ ಸೊಳ್ಳೆಗೂ ನೆಲೆ. ಭೂಮಿಗೆ ಮಿಕ್ಕಿದ ನೀರು ಒಬ್ಬನ ಬೆಳೆಯನ್ನು ಒಣಗಿಸಿ, ಇನ್ನೊಬ್ಬನ ನೆಲವನ್ನು ಕೆಡಿಸಿ, ಇಬ್ಬರ ಮಕ್ಕಳಿಗೂ ಜ್ವರವನ್ನು ತರುತ್ತದೆ. ಬಸಿಗಾಲುವೆಯನ್ನು ತೆರವಾಗಿಟ್ಟರೆ ಮೂರು ಕೇಡುಗಳಿಗೂ ಒಂದೇ ಮದ್ದಾದಂತೆ.

ಪ್ರತಿ ಗ್ರಾಮದಲ್ಲಿಯೂ ಈ ಕೆಳಗಿನ ಕೆಲಸಗಳು ಕ್ರಮವಾಗಿ ನಡೆಯತಕ್ಕದ್ದು.

1. ಮೃಗಶಿರಾ ಮಳೆಗೆ ಮೊದಲು ಊರ ಹಿರಿಯರೂ ಪಂಚಾಯಿತಿಯವರೂ ಒಂದು ದಿನ ಊರನ್ನು ಸುತ್ತಿ, ನೀರು ನಿಲ್ಲುವ ಗುಂಡಿ, ಹಾಳುಬಾವಿ, ಮಣ್ಣು ತೆಗೆದ ತಗ್ಗುಗಳನ್ನು ಬರೆದಿಟ್ಟು, ಮುಚ್ಚಬಹುದಾದವನ್ನು ಮುಚ್ಚಿಸುವುದು. ಉಳಿದವಕ್ಕೆ ಮೀನು ಬಿಡಿಸುವುದು.

2. ಕಾಲುವೆಯ ಊರುಗಳಲ್ಲಿ ನೀರು ಬರುವ ಮೊದಲೇ ಹೊಲಗಾಲುವೆಗಳ ಹುಲ್ಲನ್ನು ಕೊಯ್ದು, ಬಸಿಗಾಲುವೆಗಳ ಹೂಳನ್ನು ತೆಗೆಯುವುದು; ತೂಬಿನವರೆಲ್ಲರೂ ಕೂಡಿ ಒಣಗಿಸುವ ದಿನವನ್ನು ಗೊತ್ತುಮಾಡುವುದು.

3. ನಾಟಿಯ ಆಳುಗಳಿಗೆ ಭೂಮಾಲೀಕರೇ ಸೊಳ್ಳೆಪರದೆಗಳನ್ನು ಒದಗಿಸುವುದು. ಜ್ವರ ಬಂದವರ ರಕ್ತಪರೀಕ್ಷೆಯನ್ನು ಆರೋಗ್ಯ ಕೇಂದ್ರದಲ್ಲಿ ಅದೇ ದಿನ ಮಾಡಿಸುವುದು.

4. ದನಗಳ ಕೊಟ್ಟಿಗೆಯನ್ನೂ ಹಂದಿಗಳ ಗೂಡನ್ನೂ ಮಲಗುವ ಮನೆಯಿಂದ ದೂರವಿಡುವುದು. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವ ರೂಢಿಯು ಒಳ್ಳೆಯದು, ಆದರೆ ಅದನ್ನೇ ನಂಬಿ ಪರದೆಯನ್ನು ಬಿಡದಿರುವುದು.

5. ಒಣ ಸೀಮೆಯ ಊರುಗಳಲ್ಲಿ ವಾರಕ್ಕೊಂದು ದಿನ ಎಲ್ಲ ಮನೆಗಳಲ್ಲಿಯೂ ಒಟ್ಟಿಗೆ ಹರವಿ, ಬಾನಿ, ತೊಟ್ಟಿಗಳನ್ನು ಬರಿದು ಮಾಡಿ ತಿಕ್ಕಿ ತೊಳೆಯುವುದು. ತುಂಬಿದ ಮೇಲೆ ಬಟ್ಟೆಯಿಂದಲೋ ಮುಚ್ಚಳದಿಂದಲೋ ಬಿಗಿಯಾಗಿ ಮುಚ್ಚುವುದು. ವಾರದ ಸಂತೆಯಂತೆ ವಾರಕ್ಕೊಂದು ದಿನವನ್ನು ಇದಕ್ಕೆ ನಿಶ್ಚಯಿಸಿದರೆ ಯಾರೂ ಮರೆಯುವುದಿಲ್ಲ.

6. ಒಣ ಸೀಮೆಗೆ ನೀರು ಸರಿಯಾಗಿ ಬರುವಂತೆ ಮಾಡುವುದೂ ಸೊಳ್ಳೆಯ ಕೆಲಸವೇ ಎಂದು ತಿಳಿದು, ಅದಕ್ಕಾಗಿ ಪಂಚಾಯಿತಿಗಳು ಹಟಹಿಡಿದು ಕೇಳುವುದು. ನಿತ್ಯವೂ ನೀರು ಸಿಗುವ ಮನೆಯಲ್ಲಿ ವಾರದ ನೀರನ್ನು ಕೂಡಿಡುವವರಿಲ್ಲ.

ಹವೆಯನ್ನು ಬದಲಿಸುವುದು ಮನುಷ್ಯನಿಂದಾಗದು. ಮಳೆಯು ತನ್ನ ಕಾಲಕ್ಕೆ ಬರುತ್ತದೆ, ಬಿಸಿಲು ತನ್ನ ಕಾಲಕ್ಕೆ ಸುಡುತ್ತದೆ. ಆದರೆ ಬಂದ ನೀರು ಎಲ್ಲಿ ಹರಿಯಬೇಕು, ಎಷ್ಟು ದಿನ ನಿಲ್ಲಬೇಕು ಎಂಬುದನ್ನು ತೂಬಿನ ಬಾಯಲ್ಲಿಯೂ ಮನೆಯ ಹಿತ್ತಿಲಲ್ಲಿಯೂ ರೈತನೇ ನಿರ್ಣಯಿಸುತ್ತಾನೆ. ಆ ನಿರ್ಣಯವನ್ನು ಊರೆಲ್ಲ ಕೂಡಿ ಮಾಡಿದಲ್ಲಿ, ಬೆಳೆಯೂ ಉಳಿದೀತು, ಬೆಳೆದವನ ಮನೆಯೂ ಆರೋಗ್ಯವಾಗಿದ್ದೀತು.